ಕಪ್ ಗೆದ್ದುಕೊಟ್ಟ ಕೋಚ್, ಭಾರತವನ್ನೇ ಎರಡು ಸಲ ಸೋಲಿಸಿದರು: ವೆಸ್ಟ್‌ವುಡ್ ಅಂದ್ರೆ ಬೆಂಗಳೂರು ಅಭಿಮಾನಿಗಳಿಗೆ ಯಾಕೆ ಎರಡು ಮನಸ್ಸು?

ಅಂಗಡಿ ಶುರು ಮಾಡಿದಾಗ ತೂಕ ಹಾಕೋದರಿಂದ ಹಿಡಿದು ಗಿರಾಕಿ ಜತೆ ಮಾತಾಡೋವರೆಗೆ ಎಲ್ಲವನ್ನೂ ಕಲಿಸಿಕೊಟ್ಟ ಹಳೇ ಕೆಲಸಗಾರ, ನಾಲ್ಕಾರು ವರ್ಷ ಬಿಟ್ಟು ಎದುರು ಅಂಗಡಿಯಲ್ಲಿ ಕೂತರೆ ಹೇಗನಿಸುತ್ತೆ? ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಅನ್ನದೇ ಇರೋಕಾಗಲ್ಲ. ನಮ್ಮ ಗಿರಾಕಿ ಅತ್ತ ಹೋದಾಗ ಹೊಟ್ಟೆ ಉರಿಯದೇ ಇರೋದೂ ಇಲ್ಲ.

ಬೆಂಗಳೂರು ಎಫ್‌ಸಿ ಅಭಿಮಾನಿಗಳ ಪಾಲಿಗೆ ಆಶ್ಲೆ ವೆಸ್ಟ್‌ವುಡ್ ಅಂಥದ್ದೇ ಹೆಸರು. ಕ್ಲಬ್‌ನ ಮೊಟ್ಟಮೊದಲ ಕೋಚ್ ಅವರು. ಮೂರು ವರ್ಷದಲ್ಲಿ ಮೂರು ಕಪ್ ಗೆದ್ದುಕೊಟ್ಟವರು. ಅದೇ ಮನುಷ್ಯ 2024ರಲ್ಲಿ ಅಫ್ಗಾನಿಸ್ತಾನದ ಕೋಚ್ ಆಗಿ, 2025ರಲ್ಲಿ ಹಾಂಗ್‌ಕಾಂಗ್ ಕೋಚ್ ಆಗಿ ಭಾರತ ತಂಡವನ್ನು ಸೋಲಿಸಿದರು. ಎರಡೂ ಸಲ ಕೊನೇ ಗಳಿಗೆಯ ಪೆನಾಲ್ಟಿಯಿಂದ. ಎರಡೂ ಸಲ ಎದುರಿಗೆ ಇದ್ದದ್ದು ಅವರದೇ ಹಳೇ ಕ್ಯಾಪ್ಟನ್ ಸುನಿಲ್ ಚೆಟ್ರಿ.

ಈ ಎರಡು ಮನಸ್ಸಿನ ಹಿಂದಿನ ಕಥೆ ಏನು? ಒಂದೊಂದಾಗಿ ನೋಡೋಣ.

ಯಾರು ಈ ವೆಸ್ಟ್‌ವುಡ್?

ಇಂಗ್ಲೆಂಡಿನವರು. ಮ್ಯಾಂಚೆಸ್ಟರ್ ಯುನೈಟೆಡ್ ಯುವ ತಂಡದಲ್ಲಿ ಬೆಳೆದು, ಆಮೇಲೆ ಕ್ರೂ ಅಲೆಕ್ಸಾಂಡ್ರಾ, ಬ್ರಾಡ್‌ಫೋರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ ಮುಂತಾದ ಕ್ಲಬ್‌ಗಳಲ್ಲಿ ಡಿಫೆಂಡರ್ ಆಗಿ ಆಡಿದವರು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರಿನಲ್ಲಿ ಹೊಸ ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಕೋಚ್ ಆಗಿ ಬಂದರು. ಆಗ ಅವರ ವಯಸ್ಸು ಇನ್ನೂ 36. ದೊಡ್ಡ ತಂಡಕ್ಕೆ ಮುಖ್ಯ ಕೋಚ್ ಆಗಿ ಹೆಸರು ಮಾಡಿದವರೇನೂ ಅಲ್ಲ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ದಶಕಗಳ ಕಾಲ ಆಡಿದ್ದವು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಮಕ್ಕಳು ಇವತ್ತಿಗೂ ಚೆಂಡು ಒದೀತಾರೆ. ಆದರೆ ದೇಶದ ದೊಡ್ಡ ಲೀಗ್ ಅಂದ್ರೆ ಕೋಲ್ಕತ್ತ, ಗೋವಾ ಅನ್ನೋ ಕಾಲ ಅದು. ಹೊಸ ತಂಡ ಮೊದಲ ವರ್ಷ ಕೆಳಗೆ ಬೀಳದಿದ್ದರೆ ಸಾಕು ಅಂದುಕೊಂಡವರೇ ಜಾಸ್ತಿ.

ಮೊದಲ ವರ್ಷವೇ ಕಪ್!

2013ರ ಸೆಪ್ಟೆಂಬರ್ 22. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗನ್ ವಿರುದ್ಧ ಮೊದಲ ಪಂದ್ಯ. 1–1 ಡ್ರಾ. ಏಳು ತಿಂಗಳು ಕಳೆಯುವಷ್ಟರಲ್ಲಿ, 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಬೆಂಗಳೂರು ಐ–ಲೀಗ್ ಚಾಂಪಿಯನ್ ಆಗಿಬಿಟ್ಟಿತು. ಕಾಲಿಟ್ಟ ವರ್ಷವೇ ಲೀಗ್!

ಮುಂದಿನ ವರ್ಷ ಜನವರಿಯಲ್ಲಿ ಅದೇ ಡೆಂಪೊ ವಿರುದ್ಧ 2–1ರಿಂದ ಗೆದ್ದು ಫೆಡರೇಷನ್ ಕಪ್ ಎತ್ತಿತು. 2016ರ ಏಪ್ರಿಲ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0 ಗೆಲುವು, ಎರಡನೇ ಐ–ಲೀಗ್.

ಮಧ್ಯೆ ಒಂದು ದೊಡ್ಡ ನೋವೂ ಇದೆ. 2015ರ ಮೇ 31. ಲೀಗ್‌ನ ಕೊನೇ ದಿನ, ಕಂಠೀರವದಲ್ಲಿ ಬೆಂಗಳೂರು–ಮೋಹನ್ ಬಾಗನ್ ಮುಖಾಮುಖಿ. ಬೆಂಗಳೂರು ಗೆದ್ದರೆ ಕಪ್ ಬೆಂಗಳೂರಿಗೆ, ಡ್ರಾ ಆದ್ರೂ ಸಾಕು ಕಪ್ ಬಾಗನ್‌ಗೆ. ಜಾನ್ ಜಾನ್ಸನ್ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷ, ಒಂದು ಕಾರ್ನರ್, ಬೆಲೊ ರಜಾಕ್ ಹೆಡರ್. 1–1. ಗೆದ್ದೇಬಿಟ್ಟೆವು ಅಂತ ಎದ್ದು ನಿಂತಿದ್ದ ಸ್ಟ್ಯಾಂಡ್‌ನಲ್ಲಿ ಮಾತೇ ಹೊರಡಲಿಲ್ಲ.

ಕೊನೇ ಗಳಿಗೆಯಲ್ಲಿ ಕೈಗೆ ಬಂದದ್ದು ಬಾಯಿಗೆ ಬಾರದ ಆ ಅನುಭವವನ್ನು ಅಭಿಮಾನಿಗಳು ಅವತ್ತು ವೆಸ್ಟ್‌ವುಡ್ ಜತೆಗೇ ಉಂಡಿದ್ದರು.

ಜನ ಇಷ್ಟಪಟ್ಟದ್ದು ಏನನ್ನು?

ಬರೀ ಕಪ್‌ಗಳನ್ನಲ್ಲ. ಶಿಸ್ತು. ಊಟ, ನಿದ್ದೆ, ಮೈತೂಕ, ಓಟ ಎಲ್ಲದರ ಮೇಲೂ ಕಣ್ಣಿಡುವ ಪದ್ಧತಿ ತಂಡಕ್ಕೆ ಬಂತು. ಕೊನೇ ಹತ್ತು ನಿಮಿಷದಲ್ಲಿ ಎದುರಾಳಿ ಸುಸ್ತಾದರೂ ಬೆಂಗಳೂರು ಹುಡುಗರು ಓಡ್ತಾನೇ ಇರ್ತಿದ್ದರು.

ಅವರ ಆಟದ ರೀತಿ ನೇರ. ಗಟ್ಟಿ ಡಿಫೆನ್ಸ್, ಕಾರ್ನರ್–ಫ್ರೀ ಕಿಕ್‌ಗಳಿಗೆ ವಿಶೇಷ ತಯಾರಿ, ಸಿಕ್ಕ ಅವಕಾಶಕ್ಕೆ ಕಾದು ಹೊಡೆಯೋದು. ನೋಡೋಕೆ ಚಂದ ಇರಲೇಬೇಕು ಅಂತೇನಿಲ್ಲ, ಕೊನೆಗೆ ಪಾಯಿಂಟ್ ಬಂದಿರಬೇಕು. ಮುಂದೆ ಚೆಟ್ರಿ ಇದ್ದರು, ಆ ಮೊದಲ ಲೀಗ್‌ನಲ್ಲಿ ಅವರೊಬ್ಬರೇ 14 ಗೋಲು ಹೊಡೆದರು.

ಸ್ಟೇಡಿಯಂನ ಪಶ್ಚಿಮ ಸ್ಟ್ಯಾಂಡ್‌ನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನೋ ಅಭಿಮಾನಿ ಬಳಗ ಬೆಳೆದದ್ದೂ ಇದೇ ವರ್ಷಗಳಲ್ಲಿ. ತೊಂಬತ್ತು ನಿಮಿಷ ನಿಂತೇ ಹಾಡೋದು, ಡ್ರಮ್ ಬಡಿಯೋದು, ನೀಲಿ ಬಾವುಟ ಬೀಸೋದು. ಕ್ರಿಕೆಟ್ ಊರಲ್ಲಿ ಫುಟ್‌ಬಾಲ್‌ಗೂ ಜನ ಬರ್ತಾರೆ ಅಂತ ತೋರಿಸಿಕೊಟ್ಟ ದಿನಗಳು ಅವು. ಹೀಗಾಗಿ ಆ ಕಾಲದ ಅಭಿಮಾನಿಗೆ ವೆಸ್ಟ್‌ವುಡ್ ಅಂದ್ರೆ ತನ್ನ ಅಭಿಮಾನದ ಮೊದಲ ಅಧ್ಯಾಯ.

ಹೋದದ್ದು ಹೇಗೆ?

ಎರಡನೇ ಲೀಗ್ ಗೆದ್ದ 2016ರಲ್ಲೇ ಕ್ಲಬ್ ಮತ್ತು ಕೋಚ್ ಬೇರೆಯಾದರು. ಅವರ ಜಾಗಕ್ಕೆ ಬಂದವರು ಸ್ಪೇನ್‌ನ ಆಲ್ಬರ್ಟ್ ರೋಕಾ. ಇಲ್ಲೇ ಮೊದಲ ಸಲ ಅಭಿಮಾನಿಗಳಲ್ಲಿ ಎರಡು ಮಾತು ಶುರುವಾಯ್ತು.

ರೋಕಾ ತಂದದ್ದು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು, ಪಾಸ್ ಮೇಲೆ ಪಾಸ್ ಕೊಡುತ್ತಾ ಸಾಗುವ ಆಟ. ಅದೇ ವರ್ಷ ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಮೆಟ್ಟಿಲು ಹತ್ತಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ವಿರುದ್ಧ 0–1ರಿಂದ ಸೋತರೂ ಹೆಸರು ಉಳಿಯಿತು.

‘ನೋಡಿ, ವೆಸ್ಟ್‌ವುಡ್ ಹೋದ ಮೇಲೆ ತಂಡ ಇನ್ನೂ ಮೇಲಕ್ಕೆ ಹೋಯ್ತು’ ಅನ್ನೋದು ಒಂದು ಕಡೆಯ ವಾದ. ‘ಆ ಟೂರ್ನಿಯ ಗುಂಪು ಹಂತ ದಾಟಿಸಿದ್ದು ಯಾರು? ಆ ತಂಡ ಕಟ್ಟಿದ್ದು ಯಾರು?’ ಅನ್ನೋದು ಇನ್ನೊಂದು ಕಡೆಯ ಪ್ರಶ್ನೆ. ಅಡಿಪಾಯ ಹಾಕಿದವರಿಗೆ ಹೆಸರೋ, ಮಹಡಿ ಕಟ್ಟಿದವರಿಗೆ ಹೆಸರೋ ಅನ್ನೋ ಹಳೇ ಜಗಳ ಇದು. ಎರಡರಲ್ಲೂ ಸತ್ಯ ಇದೆ.

ಗುವಾಹಟಿಯ ಆ ರಾತ್ರಿ

ಇಲ್ಲಿವರೆಗಿನದ್ದು ಕ್ಲಬ್ ಅಭಿಮಾನದ ಮಾತು. ನಿಜವಾದ ಕಸಿವಿಸಿ ಶುರುವಾದದ್ದು 2024ರ ಮಾರ್ಚ್ 26ರಂದು.

ವಿಶ್ವಕಪ್ ಅರ್ಹತಾ ಸುತ್ತಿನ ಪಂದ್ಯ, ಜಾಗ ಗುವಾಹಟಿ. ಭಾರತದ ಎದುರಾಳಿ ಅಫ್ಗಾನಿಸ್ತಾನ. ಆ ದೇಶದ ಹಲವು ಹಿರಿಯ ಆಟಗಾರರು ತಮ್ಮ ಫುಟ್‌ಬಾಲ್ ಸಂಸ್ಥೆ ಮೇಲಿನ ಸಿಟ್ಟಿಗೆ ತಂಡವನ್ನೇ ಬಹಿಷ್ಕರಿಸಿದ್ದರು. ಉಳಿದವರನ್ನು ಕಟ್ಟಿಕೊಂಡು ಬಂದ ಕೋಚ್ ಆಶ್ಲೆ ವೆಸ್ಟ್‌ವುಡ್. ಐದು ದಿನದ ಹಿಂದೆ ಸೌದಿ ಅರೇಬಿಯಾದಲ್ಲಿ ಭಾರತವನ್ನು 0–0 ಡ್ರಾಗೆ ಹಿಡಿದು ನಿಲ್ಲಿಸಿದ್ದರು.

ಚೆಟ್ರಿಗೆ ಅದು 150ನೇ ಅಂತರರಾಷ್ಟ್ರೀಯ ಪಂದ್ಯ. 38ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದು ಭಾರತವನ್ನು ಮುಂದೆ ತಂದರು. 70ನೇ ನಿಮಿಷಕ್ಕೆ ಅಫ್ಗಾನಿಸ್ತಾನ ಸರಿಸಮ ಮಾಡಿತು. ಪಂದ್ಯ ಮುಗಿಯೋಕೆ ಎರಡು ನಿಮಿಷ ಇದ್ದಾಗ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಎದುರಾಳಿಯನ್ನು ಬೀಳಿಸಿದರು, ರೆಫ್ರಿ ಪೆನಾಲ್ಟಿ ಕೊಟ್ಟರು. 1–2. ಗುರ್‌ಪ್ರೀತ್ ಆಡೋದೂ ಬೆಂಗಳೂರು ಎಫ್‌ಸಿಗೇ!

ಈ ಸೋಲಿನ ಬೆಲೆ ಎಷ್ಟು? ಸುತ್ತು ಮುಗಿದಾಗ ಎರಡನೇ ಸ್ಥಾನದ ಕುವೈತ್ ಬಳಿ 7 ಪಾಯಿಂಟ್, ಭಾರತದ ಬಳಿ 5. ಅವತ್ತು ಗೆದ್ದಿದ್ದರೆ ಇನ್ನೂ 3 ಸೇರಿ 8 ಆಗ್ತಿತ್ತು, ಭಾರತ ಮೊದಲ ಸಲ ಮೂರನೇ ಸುತ್ತಿಗೆ ಹೋಗ್ತಿತ್ತು. ಕೋಚ್ ಇಗೊರ್ ಸ್ಟಿಮ್ಯಾಕ್ ಕೆಲಸ ಹೋಯ್ತು. ಚೆಟ್ರಿ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತಿ ಹೇಳಿದರು.

ಹಾಂಗ್‌ಕಾಂಗ್‌ನಲ್ಲಿ ಮತ್ತೆ ಅದೇ

ನಿವೃತ್ತಿಯಾಗಿದ್ದ ಚೆಟ್ರಿ ಮುಂದಿನ ವರ್ಷ ತಂಡಕ್ಕೆ ವಾಪಸ್ ಬಂದರು. ಗೋಲು ಹೊಡೆಯೋರು ಬೇರೆ ಸಿಗದಿದ್ದದ್ದು ಭಾರತದ ಕಷ್ಟ. 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಗುಂಪಿನ ಎದುರಾಳಿಗಳು ಬಾಂಗ್ಲಾದೇಶ, ಸಿಂಗಾಪುರ, ಹಾಂಗ್‌ಕಾಂಗ್. ಹಾಂಗ್‌ಕಾಂಗ್ ಕೋಚ್ ಯಾರು? ವೆಸ್ಟ್‌ವುಡ್.

2025ರ ಜೂನ್ 10, ಹಾಂಗ್‌ಕಾಂಗ್‌ನ ಹೊಸ ಕೈ ಟಾಕ್ ಕ್ರೀಡಾಂಗಣ. ಮೊದಲಾರ್ಧದಲ್ಲಿ ಸಿಕ್ಕ ಸುಲಭ ಅವಕಾಶವನ್ನು ಭಾರತ ಕೈಚೆಲ್ಲಿತು. ಚೆಟ್ರಿ ಬದಲಿ ಆಟಗಾರನಾಗಿ ಬಂದರೂ ಗೋಲು ಬರಲಿಲ್ಲ. 0–0 ಆಗಿ ಮುಗೀತು ಅನ್ನುವಾಗ, ಇಂಜುರಿ ಸಮಯದಲ್ಲಿ ಗೋಲ್‌ಕೀಪರ್ ವಿಶಾಲ್ ಕೈತ್ ಮಾಡಿದ ಫೌಲ್‌ಗೆ ಪೆನಾಲ್ಟಿ. ಸ್ಟೆಫಾನ್ ಪೆರೇರಾ ಹೊಡೆದರು, 1–0.

ಕೊನೆಗೆ ಆ ಗುಂಪಿನಿಂದ ಅರ್ಹತೆ ಪಡೆದದ್ದು ಸಿಂಗಾಪುರ. ಭಾರತವೂ ಹೊರಗೆ, ವೆಸ್ಟ್‌ವುಡ್ ಅವರ ಹಾಂಗ್‌ಕಾಂಗೂ ಹೊರಗೆ.

ಹೊಟ್ಟೆ ಉರಿಯೋದು ಯಾಕೆ?

ಕೋಚ್‌ಗಳು ತಂಡ ಬದಲಿಸೋದು ಹೊಸದಲ್ಲ. ಕ್ರಿಕೆಟ್‌ನಲ್ಲಿ ಭಾರತದ ಕೋಚ್ ಆಗಿದ್ದ ಜಾನ್ ರೈಟ್ ಆಮೇಲೆ ನ್ಯೂಜಿಲೆಂಡ್‌ಗೆ, ಗ್ಯಾರಿ ಕರ್ಸ್ಟನ್ ದಕ್ಷಿಣ ಆಫ್ರಿಕಾಗೆ ಕೋಚ್ ಆದರು. ಅವರು ತಮ್ಮ ಸ್ವಂತ ದೇಶಕ್ಕೆ ಮರಳಿದವರು, ಯಾರಿಗೂ ಬೇಜಾರಾಗಲಿಲ್ಲ.

ಕ್ಲಬ್ ಮಟ್ಟದಲ್ಲೂ ಇಷ್ಟು ಸಂಕಟ ಇಲ್ಲ. 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾಡ್ರಾತ್ ಸತತ ಸೋಲುಗಳ ನಂತರ 2021ರ ಜನವರಿಯಲ್ಲಿ ಹೊರನಡೆದರು. ಮುಂದೆ ಈಸ್ಟ್ ಬೆಂಗಾಲ್ ಕೋಚ್ ಆದರು. 2024ರ ಸೆಪ್ಟೆಂಬರ್‌ನಲ್ಲಿ ಆ ತಂಡದ ಜತೆ ಕಂಠೀರವಕ್ಕೆ ಬಂದಾಗ ಯುವ ಆಟಗಾರ ವಿನಿತ್ ವೆಂಕಟೇಶ್ ಹೊಡೆದ ಗೋಲಿನಿಂದ ಬೆಂಗಳೂರು 1–0ರಿಂದ ಗೆದ್ದಿತು. ಹಳೇ ಕೋಚ್‌ನ ನೆನೆಯೋದೂ ಆಯ್ತು, ಪಾಯಿಂಟೂ ಬಂತು. ಮನಸ್ಸು ಹಗುರ.

ವೆಸ್ಟ್‌ವುಡ್ ವಿಷಯದಲ್ಲಿ ಲೆಕ್ಕ ಹೀಗೆ ಚುಕ್ತಾ ಆಗಿಲ್ಲ. ಜಮಾ ಕಡೆ ಬೆಂಗಳೂರಿನ ಮೂರು ಕಪ್‌ಗಳಿವೆ, ಖರ್ಚಿನ ಕಡೆ ದೇಶದ ಎರಡು ಸೋಲುಗಳಿವೆ. ಎರಡೂ ಬೇರೆ ಬೇರೆ ಖಾತೆ. ಒಂದನ್ನು ತೆಗೆದು ಇನ್ನೊಂದರಲ್ಲಿ ಕಳೆಯೋಕೆ ಬರಲ್ಲ.

ಇನ್ನೂ ಚುಚ್ಚೋ ಮಾತು ಒಂದಿದೆ. ಭಾರತವನ್ನು ಕಟ್ಟಿಹಾಕಿದ್ದು ಯಾವ ಹೊಸ ಮಂತ್ರವೂ ಅಲ್ಲ. ಗಟ್ಟಿ ಡಿಫೆನ್ಸ್, ಕೊನೇ ನಿಮಿಷದವರೆಗೆ ಓಟ, ಎದುರಾಳಿ ತಪ್ಪಿಗೆ ಕಾಯೋದು. ಬೆಂಗಳೂರಿನ ಸ್ಟ್ಯಾಂಡ್‌ನಲ್ಲಿ ಕೂತು ಜನ ಚಪ್ಪಾಳೆ ತಟ್ಟಿದ್ದ ಅದೇ ಆಟ. ಮೂರು ವರ್ಷ ನಮ್ಮೊಳಗೇ ಇದ್ದು, ಚೆಟ್ರಿಯನ್ನು ದಿನಾ ಅಭ್ಯಾಸದಲ್ಲಿ ನೋಡಿದ್ದವರಿಗೆ ಭಾರತದ ಆಟದ ಬಲ ಎಲ್ಲಿದೆ, ಸಡಿಲ ಎಲ್ಲಿದೆ ಅನ್ನೋದು ಗೊತ್ತಿರದೇ ಇರುತ್ತಾ?

ತಪ್ಪು ಅವರದಾ?

ಇಲ್ಲ. ಇದನ್ನು ಬಹಳಷ್ಟು ಅಭಿಮಾನಿಗಳೂ ಒಪ್ತಾರೆ. ಸಂಬಳ ಕೊಟ್ಟ ತಂಡಕ್ಕೆ ನಿಯತ್ತಾಗಿ ದುಡಿಯೋದೇ ಕೋಚ್ ಕೆಲಸ. ಬೆಂಗಳೂರಿಗೂ ಹಾಗೇ ದುಡಿದರು, ಅಫ್ಗಾನಿಸ್ತಾನಕ್ಕೂ, ಹಾಂಗ್‌ಕಾಂಗ್‌ಗೂ ಹಾಗೇ ದುಡಿದರು. ಎರಡು ಪೆನಾಲ್ಟಿ ಕೊಟ್ಟದ್ದು ಭಾರತದ ಆಟಗಾರರು. ಸಿಕ್ಕ ಅವಕಾಶ ಬಿಟ್ಟದ್ದೂ ಭಾರತವೇ. ನಲವತ್ತು ವರ್ಷ ದಾಟಿದ ಚೆಟ್ರಿಯನ್ನು ನಿವೃತ್ತಿಯಿಂದ ಕರೆತರಬೇಕಾಗಿ ಬಂದದ್ದು ಇಲ್ಲಿನ ವ್ಯವಸ್ಥೆಯ ಕೊರತೆ.

ಹಾಗಾಗಿ ವೆಸ್ಟ್‌ವುಡ್ ಮೇಲಿನ ಸಿಟ್ಟನ್ನು ಸ್ವಲ್ಪ ಕೆದಕಿದರೆ ಒಳಗೆ ಸಿಗೋದು ನಮ್ಮ ಫುಟ್‌ಬಾಲ್ ಮೇಲಿನ ಸಿಟ್ಟೇ. 2013ರಲ್ಲಿ ಒಬ್ಬ ಕೋಚ್ ಒಂದು ಹೊಸ ತಂಡಕ್ಕೆ ಊಟ, ಓಟ, ಶಿಸ್ತು ಕಲಿಸಿ ಏಳು ತಿಂಗಳಲ್ಲಿ ಚಾಂಪಿಯನ್ ಮಾಡೋಕೆ ಸಾಧ್ಯ ಆಯ್ತು. ಹತ್ತು ವರ್ಷ ಕಳೆದ ಮೇಲೂ ದೇಶದ ತಂಡ ಕೊನೇ ಐದು ನಿಮಿಷ ಕಾಯ್ದುಕೊಳ್ಳೋಕೆ ಒದ್ದಾಡುತ್ತೆ ಅಂದ್ರೆ, ಆ ಪಾಠ ಒಂದು ಕ್ಲಬ್‌ನ ಗೇಟ್ ದಾಟಿ ಹೊರಗೆ ಬರಲೇ ಇಲ್ಲ ಅಂತ ಅರ್ಥ.

ಬೆಂಗಳೂರಿನ ಹಳೇ ಅಭಿಮಾನಿಯೊಬ್ಬ ವೆಸ್ಟ್‌ವುಡ್ ಹೆಸರು ಕೇಳಿ ಒಂದು ಗಳಿಗೆ ನಕ್ಕು, ಮರುಗಳಿಗೆ ಮುಖ ಸಿಂಡರಿಸಿದರೆ ಅದರಲ್ಲಿ ಗೊಂದಲ ಏನಿಲ್ಲ. ನಗು ಫತೋರ್ಡಾದ್ದು, ಸಿಂಡರಿಸಿದ ಮುಖ ಗುವಾಹಟಿಯದ್ದು. ಎರಡೂ ಅವನದೇ.