ಒಂದೇ ಮರವನ್ನು ಎರಡು ಸಾರಿ ಎಣಿಸುವ ತಪ್ಪು

ತೆಂಗಿನ ತೋಟಗಳಲ್ಲಿ ಕೀಟಗಳ ಹಾವಳಿಯುಂಟಾದಾಗ ಗ್ರಾಮದ ಮುಖಂಡರೂ ತೋಟದ ಯಜಮಾನರೂ ಕೆಟ್ಟ ಮರಗಳ ಲೆಕ್ಕವನ್ನು ಬರೆದಿಡುವುದುಂಟು. ಬೇರೆ ಬೇರೆ ಕೀಟಗಳಿಗೆ ತುತ್ತಾದ ಮರಗಳ ಸಂಖ್ಯೆಗಳನ್ನು ಸುಮ್ಮನೆ ಕೂಡಿಬಿಟ್ಟರೆ, ಎರಡಕ್ಕೂ ತುತ್ತಾದ ಮರವು ಎರಡು ಸಾರಿ ಲೆಕ್ಕಕ್ಕೆ ಬಂದು ನಷ್ಟವು ನಿಜಕ್ಕಿಂತ ಹೆಚ್ಚಾಗಿ ತೋರುವುದು. ಅಂತಹ ಲೆಕ್ಕವು ತೋಟದಲ್ಲಿ ಪರೀಕ್ಷೆಗೆ ನಿಲ್ಲುವುದಿಲ್ಲ. ಆಗ ನಿಜವಾಗಿ ನಷ್ಟಪಟ್ಟವನ ಮಾತೂ ಸಂದೇಹಕ್ಕೆ ಗುರಿಯಾಗುವುದು.

ಉದಾಹರಣೆಗಾಗಿ 200 ಮರಗಳ ಒಂದು ತೋಟವನ್ನು ಭಾವಿಸಿಕೊಳ್ಳಬಹುದು. ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯು 60 ಮರಗಳಲ್ಲಿಯೂ, ಕಾಂಡದೊಳಗೆ ಸೇರುವ ಕೆಂಪು ಮೂತಿ ಹುಳುವು 40 ಮರಗಳಲ್ಲಿಯೂ ಕಂಡುಬಂದಿದೆ. ಇವೆರಡನ್ನು ಕೂಡಿದರೆ 100 ಆಗುವುದು; ಅರ್ಧ ತೋಟವೇ ಕೆಟ್ಟಿತೆಂದು ತೋರುವುದು. ಆದರೆ 30 ಮರಗಳಲ್ಲಿ ಎರಡು ಕೀಟಗಳೂ ಇವೆ. ಈ 30 ಮರಗಳು ಎರಡು ಸಾರಿ ಎಣಿಕೆಗೆ ಬಂದಿರುವುದರಿಂದ ಒಂದು ಸಾರಿ ಕಳೆಯತಕ್ಕದ್ದು. 60ಕ್ಕೆ 40 ಕೂಡಿ 30 ಕಳೆದರೆ 70. ಕೀಟ ತಗಲಿದ ಮರಗಳು ಇಷ್ಟೇ. ಉಳಿದ 130 ಮರಗಳು ಕ್ಷೇಮವಾಗಿವೆ. ಕಣ್ಣುಮುಚ್ಚಿ ಒಂದು ಮರವನ್ನು ಮುಟ್ಟಿದರೆ ಅದು ಕೀಟ ತಗಲಿದ್ದಾಗಿರುವ ಸಂಭವವು 200ಕ್ಕೆ 70, ಎಂದರೆ ಶೇಕಡಾ 35.

ಆದರೆ ಎಲ್ಲ ಕೆಲಸಕ್ಕೂ ಕಳೆಯಬೇಕೆಂದು ತಿಳಿಯಬಾರದು. ಚಿಕಿತ್ಸೆಯು ಆಯಾ ಕೀಟಕ್ಕೆ ಬೇರೆಯಾದುದರಿಂದ, ದುಂಬಿಯ ಚಿಕಿತ್ಸೆಯ ಸಾಮಗ್ರಿಯನ್ನು 60 ಮರಗಳಿಗೂ, ಹುಳುವಿನದನ್ನು 40 ಮರಗಳಿಗೂ ಪೂರ್ತಿಯಾಗಿಯೇ ಒದಗಿಸಿಕೊಳ್ಳಬೇಕು. ಮರಗಳು 70; ಚಿಕಿತ್ಸೆಗಳು 100.

ಎರಡು ಕೀಟಗಳಿಗೂ ಸಂಬಂಧವುಂಟೇ ಎಂಬುದನ್ನೂ ಈ ಎಣಿಕೆಯಿಂದ ಅರಿಯಬಹುದು. ಇಡೀ ತೋಟದಲ್ಲಿ ಹುಳು ಹಿಡಿದ ಮರಗಳು ಶೇಕಡಾ 20. ಸಂಬಂಧವಿಲ್ಲದಿದ್ದರೆ ದುಂಬಿಯ 60 ಮರಗಳಲ್ಲಿಯೂ ಸುಮಾರು ಅದೇ ಪ್ರಮಾಣ, ಎಂದರೆ 12 ಮರಗಳಲ್ಲಿ, ಹುಳುವಿರಬೇಕಾಗಿತ್ತು. ಇರುವುದು 30ರಲ್ಲಿ, ಎಂದರೆ ಎರಡರಲ್ಲಿ ಒಂದು. ದುಂಬಿಯಿಲ್ಲದ 140 ಮರಗಳಲ್ಲಿಯಾದರೋ 10ರಲ್ಲಿ ಮಾತ್ರ, ಎಂದರೆ 14ರಲ್ಲಿ ಒಂದು. ಹೀಗೆ ದುಂಬಿ ಕೊರೆದ ಮರಕ್ಕೆ ಹುಳುವಿನ ಅಪಾಯವು ಏಳರಷ್ಟಾಗಿದೆ. ಈ ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿದವಾದರೂ, ಸಂಬಂಧವು ಕಲ್ಪಿತವಲ್ಲ. ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳುವು ಬಂದು ಅಲ್ಲಿ ಮೊಟ್ಟೆಯಿಡುವುದು. ಅದರ ಮರಿಗಳು ಒಳಗಿನ ಮೆದುವಾದ ಭಾಗವನ್ನು ತಿಂದು ಮರವನ್ನೇ ಕೊಲ್ಲಬಲ್ಲವು. ಆದುದರಿಂದ ಕೈಯಲ್ಲಿರುವ ಹಣವೂ ಆಳುಗಳೂ ಸಾಲದಿದ್ದಾಗ, ದುಂಬಿ ಕೊರೆದ ಮರಗಳನ್ನೇ ಮೊದಲು ಪರೀಕ್ಷಿಸುವುದು ಯುಕ್ತ. ದುಂಬಿಯು ತಿಪ್ಪೆಗುಂಡಿಗಳಲ್ಲಿ ಮರಿಮಾಡುವುದರಿಂದ ಗೊಬ್ಬರವನ್ನು ಕೆದಕಿ ಹುಳುಗಳನ್ನು ಆರಿಸಿ ನಾಶಮಾಡಿದರೆ ಎರಡು ಕೀಟಗಳ ಹಾವಳಿಯೂ ತಗ್ಗುವುದು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ದುಂಬಿಯ ಮರಗಳಲ್ಲಿ ಹುಳುವಿರುವುದು 60ಕ್ಕೆ 30. ಹುಳುವಿನ ಮರಗಳಲ್ಲಿ ದುಂಬಿಯಿರುವುದು 40ಕ್ಕೆ 30. ಎರಡು ಪ್ರಶ್ನೆಗಳೂ ಒಂದೇ ಅಲ್ಲ. ಯಾವ ಗುಂಪಿನೊಳಗೆ ನೋಡುತ್ತಿರುವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಕಾಂಡದಲ್ಲಿ ರಸ ಸೋರುವ ರೋಗವೂ ಸೇರಿ ಮೂರು ಉಪದ್ರವಗಳಿದ್ದರೆ, ಮೂರು ಸಂಖ್ಯೆಗಳನ್ನೂ ಕೂಡಿ, ಎರಡೆರಡು ಜೊತೆಯಾಗಿರುವ ಮರಗಳನ್ನು ಕಳೆದು, ಮೂರೂ ಇರುವ ಮರಗಳನ್ನು ಮತ್ತೆ ಕೂಡಬೇಕು. ಮೂರೂ ತಗಲಿದ ಮರವು ಮೂರು ಸಾರಿ ಸೇರಿ, ಮೂರು ಸಾರಿ ಕಳೆದುಹೋಗಿ, ಲೆಕ್ಕದಿಂದಲೇ ಮಾಯವಾಗಿರುವುದೇ ಇದಕ್ಕೆ ಕಾರಣ.

ಇದಕ್ಕೆಲ್ಲ ಸುಲಭವಾದ ಉಪಾಯವೊಂದುಂಟು. ಮರಗಳಿಗೆ ಸುಣ್ಣದಿಂದ ಕ್ರಮಸಂಖ್ಯೆ ಬರೆದು, ಪುಸ್ತಕದಲ್ಲಿ ಮರಕ್ಕೊಂದು ಸಾಲನ್ನೂ ಕೀಟ ಅಥವಾ ರೋಗಕ್ಕೊಂದು ಅಂಕಣವನ್ನೂ ಇಟ್ಟು ಗುರುತು ಹಾಕತಕ್ಕದ್ದು. ಗುರುತುಗಳನ್ನು ಎಣಿಸಿದರೆ ಚಿಕಿತ್ಸೆಗಳ ಲೆಕ್ಕವೂ, ಗುರುತುಳ್ಳ ಸಾಲುಗಳನ್ನು ಎಣಿಸಿದರೆ ಮರಗಳ ಲೆಕ್ಕವೂ ದೊರೆಯುವುವು. ಹೀಗೆ ಬರೆದ ಪುಸ್ತಕವನ್ನು ಯಾರ ಮುಂದೆಯಾದರೂ ನಿಸ್ಸಂಕೋಚವಾಗಿ ಇಡಬಹುದು.