ಒಂದು ಗ್ರಹದಿಂದ ಸಾಮ್ರಾಜ್ಯಕ್ಕೆ

ಮಕ್ಕಳೇ, ನಿಮ್ಮ ಬಳಿ ಇರುವುದು ಒಂದೇ ಗ್ರಹ, ಎರಡು ಶೋಧನೌಕೆ, ಜನರನ್ನು ಹೊಸ ಗ್ರಹಕ್ಕೆ ಒಯ್ಯುವ ಒಂದು ನೌಕೆ. ಇಷ್ಟರಿಂದಲೇ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟಬೇಕು! 1993ರಲ್ಲಿ ಬಂದ 'ಮಾಸ್ಟರ್ ಆಫ್ ಓರಿಯನ್' ಎಂಬ ಕಂಪ್ಯೂಟರ್ ಆಟ ಶುರುವಾಗುವುದು ಹೀಗೆ. ಇದರಲ್ಲಿ ಒಂದು ಸರದಿ ಎಂದರೆ ಒಂದು ವರ್ಷ.

ಮೊದಲು ಶೋಧನೌಕೆಗಳನ್ನು ಹತ್ತಿರದ ನಕ್ಷತ್ರಗಳಿಗೆ ಕಳುಹಿಸಿ. ವಾಸಕ್ಕೆ ತಕ್ಕ ಗ್ರಹ ಕಂಡರೆ ಜನರನ್ನು ಅಲ್ಲಿ ಇಳಿಸಿ.

ಮುಂದೇನು? ಯುದ್ಧನೌಕೆ ಕಟ್ಟೋಣವೇ? ತಾಳಿ, ಒಂದು ಲೆಕ್ಕ ಮಾಡೋಣ. ನಿಮ್ಮಲ್ಲಿ 100 ಕಾರ್ಖಾನೆಗಳಿವೆ ಎಂದುಕೊಳ್ಳಿ. ಒಂದೊಂದೂ ವರ್ಷಕ್ಕೆ 1 ನಾಣ್ಯ ಗಳಿಸುತ್ತದೆ. ಹೊಸ ಕಾರ್ಖಾನೆಗೆ 10 ನಾಣ್ಯ ಬೇಕು. ಗಳಿಸಿದ್ದನ್ನೆಲ್ಲ ಕಾರ್ಖಾನೆಗೇ ಹಾಕಿದರೆ ಮರುವರ್ಷ 110, ಅದರ ಮರುವರ್ಷ 121. 8 ವರ್ಷಗಳಲ್ಲಿ 200 ದಾಟುತ್ತದೆ! ಎಲ್ಲವನ್ನೂ ನೌಕೆಗೆ ಸುರಿದರೆ ಕಾರ್ಖಾನೆಗಳು 100ರಲ್ಲೇ ನಿಲ್ಲುತ್ತವೆ. ರೈತರು ಬಿತ್ತನೆ ಬೀಜವನ್ನು ತಿನ್ನದೆ ಎತ್ತಿಡುವುದೂ ಇದಕ್ಕೇ ಅಲ್ಲವೇ?

ಆದರೆ ಎರಡು ಎಚ್ಚರಿಕೆ. ಕಾರ್ಖಾನೆ ಹೆಚ್ಚಿದಂತೆ ಮಾಲಿನ್ಯವೂ ಹೆಚ್ಚುತ್ತದೆ. ಅದನ್ನು ಶುಚಿಗೊಳಿಸಲು ಹಣ ಕೊಡದಿದ್ದರೆ ಗ್ರಹದಲ್ಲಿ ಬದುಕಬಲ್ಲ ಜನರ ಸಂಖ್ಯೆ ಕುಗ್ಗುತ್ತದೆ. ಆಗ ಕಾರ್ಖಾನೆ ನಡೆಸುವವರು ಯಾರು? ಇನ್ನೊಂದು, ಶತ್ರು ಪಕ್ಕದಲ್ಲೇ ಇದ್ದರೆ ಹೆಚ್ಚು ಕಾಲ ಕಾಯುವಂತಿಲ್ಲ. ಎಷ್ಟು ಕಾಯಬಹುದೆಂದು ತಿಳಿಯಲೆಂದೇ ಶೋಧನೌಕೆಗಳನ್ನು ಮೊದಲು ಕಳುಹಿಸಿದ್ದು!

ಈಗ ನೀವೇ ಲೆಕ್ಕ ಹಾಕಿ. ಒಬ್ಬರು ಮೊದಲ ವರ್ಷದಿಂದಲೇ ಗಳಿಕೆಯನ್ನೆಲ್ಲ ನೌಕೆಗೆ ಹಾಕುತ್ತಾರೆ. ಇನ್ನೊಬ್ಬರು 8 ವರ್ಷ ಕಾರ್ಖಾನೆ ಬೆಳೆಸಿ, ಆಮೇಲೆ ನೌಕೆಗೆ ಹಾಕುತ್ತಾರೆ. ನೌಕೆಗೆ ಹಾಕಿದ ಒಟ್ಟು ನಾಣ್ಯದಲ್ಲಿ ಎರಡನೆಯವರು ಮೊದಲನೆಯವರನ್ನು ಎಷ್ಟನೆಯ ವರ್ಷ ಹಿಂದಿಕ್ಕುತ್ತಾರೆ?

(ಉತ್ತರ: 16ನೆಯ ವರ್ಷ)