ಅಲಾರಂ ಕೂಗಿದಾಗ ಕೂತಿದ್ದವರಿಗೆ ನೋಟಿಸ್ ಏಕೆ?

“ಬೆಂಕಿಯೇ ಇರಲಿಲ್ಲ, ಡ್ರಿಲ್ ಅಷ್ಟೇ. ಅದಕ್ಕೂ ನೋಟಿಸಾ?”

ಫೈರ್ ಅಲಾರಂ ಕೂಗಿದರೂ ಸೀಟು ಬಿಟ್ಟೇಳದವರಿಗೆ ಎಚ್‌ಆರ್‌ನಿಂದ ಶೋಕಾಸ್ ನೋಟಿಸ್ ಬಂದಾಗ ಹೊರಡುವ ಮೊದಲ ಮಾತು ಇದು. ಅಕ್ಕಪಕ್ಕದವರ ಅನುಕಂಪವೂ ಅವರ ಕಡೆಗೇ ಇರುತ್ತದೆ. ಆದರೆ ವಾದದ ಬುಡದಲ್ಲೇ ತಪ್ಪಿದೆ. ಅಲಾರಂ ನಿಜವೋ ಸುಳ್ಳೋ ಎಂಬುದು ಆ ಹೊತ್ತಿನಲ್ಲಿ ಸೀಟಿನಲ್ಲಿ ಕೂತವರಿಗೆ ತಿಳಿಯಲು ದಾರಿಯೇ ಇರುವುದಿಲ್ಲ. ಸುಳ್ಳೆಂದು ಆಮೇಲೆ ಗೊತ್ತಾದರೆ ಅದು ಅದೃಷ್ಟ, ಸಮರ್ಥನೆಯಲ್ಲ. ವಿಚಾರಣೆ ನಡೆಯುವುದು ಬೆಂಕಿ ಇತ್ತೇ ಎಂಬುದರ ಮೇಲಲ್ಲ. ಹೊರಗೆ ಹೋಗಬೇಕೆಂಬ ನಿಯಮ ಗೊತ್ತಿದ್ದೂ ಬೇಕೆಂದೇ ಕೂತಿದ್ದರೇ ಎಂಬುದರ ಮೇಲೆ.

“ಆ ಅಲಾರಂ ವಾರಕ್ಕೊಮ್ಮೆ ಸುಮ್ಮಸುಮ್ಮನೆ ಕೂಗುತ್ತೆ” ಎನ್ನುವವರ ಬೇಸರ ಮಾತ್ರ ನಿಜವಾದದ್ದು. ಅದರ ಅಪಾಯವೂ ಅಷ್ಟೇ ನಿಜ. ಅಮೆರಿಕದ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹುಸಿ ಅಲಾರಂ ಮಾಮೂಲಿಯಾಗಿಹೋಗಿತ್ತು. 2000ದ ಜನವರಿ 19ರ ನಸುಕಿನಲ್ಲಿ ಅದು ಮತ್ತೆ ಕೂಗಿದಾಗ ಎಷ್ಟೋ ವಿದ್ಯಾರ್ಥಿಗಳು ಇದೂ ಹುಸಿಯೇ ಎಂದುಕೊಂಡರು. ಆ ಬೆಂಕಿ ಮೂವರು ವಿದ್ಯಾರ್ಥಿಗಳನ್ನು ಬಲಿ ತೆಗೆದುಕೊಂಡಿತು. ಹುಸಿ ಅಲಾರಂ ಕಾಟವಿದ್ದರೆ ಸರಿಪಡಿಸಿ ಎಂದು ಫೆಸಿಲಿಟಿ ವಿಭಾಗಕ್ಕೆ ಮೇಲ್ ಹಾಕಬೇಕು, ಸರಿಯಾಗುವವರೆಗೂ ಬೆನ್ನು ಬಿಡಬಾರದು. ಅಲ್ಲಿಯವರೆಗೆ ಅದು ಕೂಗಿದಾಗಲೆಲ್ಲ ಎದ್ದು ಹೋಗಲೇಬೇಕು.

“ನನ್ನ ಜೀವ, ನನ್ನಿಷ್ಟ” ಎಂಬುದು ಇನ್ನೊಂದು ಮಾತು. ಕೆಳಗೆ ಅಸೆಂಬ್ಲಿ ಪಾಯಿಂಟಿನಲ್ಲಿ ಏನಾಗುತ್ತದೆ ನೋಡಿ. ಹೊಳೆಯುವ ಜಾಕೆಟ್ ತೊಟ್ಟ ಫ್ಲೋರ್ ವಾರ್ಡನ್ ಪಟ್ಟಿ ಹಿಡಿದು ತಲೆ ಎಣಿಸುತ್ತಾರೆ. ಒಂದು ತಲೆ ಕಡಿಮೆ ಬಿದ್ದರೆ, ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ ಎಂದೇ ಅಗ್ನಿಶಾಮಕ ಸಿಬ್ಬಂದಿ ಭಾವಿಸಬೇಕಾಗುತ್ತದೆ. ಆ ಒಬ್ಬರಿಗಾಗಿ ಅವರು ಹೊಗೆಯೊಳಕ್ಕೆ ನುಗ್ಗುತ್ತಾರೆ. “ಎರಡೇ ನಿಮಿಷ, ಈ ಮೇಲ್ ಕಳಿಸಿ ಬರ್ತೀನಿ” ಎಂದವರ ಪಕ್ಕದಲ್ಲಿ ನಿಂತು ಗೋಗರೆಯುವ ವಾರ್ಡನ್ ಕೂಡ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಬಂದವರೇ. ತನಗಾಗಲೀ ಇತರರಿಗಾಗಲೀ ಅಪಾಯ ತರುವ ಕೆಲಸವನ್ನು ಸಕಾರಣವಿಲ್ಲದೆ, ಬೇಕೆಂದೇ ಮಾಡಕೂಡದೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರಿಗೆ ವಿಧಿಸಿದ್ದು ಇದಕ್ಕಾಗಿಯೇ.

“ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ” ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮನುಷ್ಯರ ಸ್ವಭಾವವೇ ಹಾಗೆ. ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೋಣೆಯಲ್ಲಿ ಕೂತು ಪ್ರಶ್ನಾವಳಿ ತುಂಬುತ್ತಿದ್ದ ವಿದ್ಯಾರ್ಥಿಗಳತ್ತ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಜೊತೆಗಿದ್ದ ಇಬ್ಬರು, ಮೊದಲೇ ಹೇಳಿಕೊಟ್ಟಂತೆ, ಏನೂ ಆಗಿಲ್ಲವೆಂಬಂತೆ ಬರೆಯುತ್ತಾ ಕೂತಾಗ ತಿಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ! ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕಾಗದದ ಮೇಲಿನ ಹೊಗೆಯನ್ನು ಕೈಯಿಂದ ಬೀಸಿ ಸರಿಸಿದರು, ಮತ್ತೆ ಬರೆಯತೊಡಗಿದರು. ಒಬ್ಬೊಬ್ಬರೂ ಇನ್ನೊಬ್ಬರ ಮುಖ ನೋಡಿ ಸುಮ್ಮನಾಗುವುದೆಂದರೆ ಹೀಗೆ. ಡ್ರಿಲ್‌ಗೆ ಬೆಲೆ ಬರುವುದೂ ಇಲ್ಲಿಯೇ: ಯೋಚಿಸುವ ಮೊದಲೇ ಕಾಲು ಮೆಟ್ಟಿಲ ಕಡೆ ಹೋಗುವಂತೆ ಅದು ರೂಢಿ ಮಾಡಿಸುತ್ತದೆ. ಮೊದಲು ಎದ್ದವರನ್ನು ನೋಡಿ ನಾಲ್ಕು ಜನ ಏಳುತ್ತಾರೆ. ಆದ್ದರಿಂದ ಟೀಮ್ ಲೀಡ್ ಆದವರು ಕೂತೇ ಇದ್ದರೆ ಅವರ ತಪ್ಪನ್ನು ಹೆಚ್ಚಿನದೆಂದು ಎಣಿಸುವುದು ನನಗಂತೂ ನ್ಯಾಯವಾಗಿಯೇ ಕಾಣುತ್ತದೆ.

ಹಾಗಿದ್ದರೆ “ಕ್ಲೈಂಟ್ ಕಾಲ್ ಇದೆ, ಕೂತಿರಿ” ಎಂದು ಮ್ಯಾನೇಜರ್ ಹೇಳಿದರೆ? ಮೇಲಿನವರ ಮಾತು ಮೀರಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಅನೇಕರಿಗಿದೆ. ನಮ್ಮ ಕಾರ್ಮಿಕ ಕಾನೂನಿನ ಮಾದರಿ ಸ್ಥಾಯಿ ಆದೇಶಗಳಲ್ಲಿ ದುರ್ನಡತೆ ಎನಿಸಿಕೊಳ್ಳುವುದು ಕಾನೂನುಬದ್ಧವೂ ಸಮಂಜಸವೂ ಆದ ಆದೇಶವನ್ನು ಬೇಕೆಂದೇ ಮೀರುವುದು. ಹೊಗೆಯ ಎಚ್ಚರಿಕೆ ಮೊಳಗುವಾಗ ಕೂತಿರು ಎನ್ನುವುದು ಸಮಂಜಸವಾದ ಆದೇಶವಲ್ಲ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಮಾರ್ಗನ್ ಸ್ಟ್ಯಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥರಾಗಿದ್ದ ರಿಕ್ ರೆಸ್ಕೋರ್ಲಾ ವರ್ಷಗಟ್ಟಲೆ ಪಟ್ಟು ಹಿಡಿದು ಡ್ರಿಲ್ ಮಾಡಿಸಿದ್ದರು. ದುಬಾರಿ ಸಮಯ ಹಾಳಾಗುತ್ತದೆಂಬ ಗೊಣಗಾಟಕ್ಕೆ ಜಗ್ಗಿರಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಅಪ್ಪಳಿಸಿದ ಮೇಲೆ ತಮ್ಮ ಗೋಪುರದಲ್ಲಿ ಇದ್ದಲ್ಲೇ ಇರಿ ಎಂದು ಪ್ರಕಟಣೆ ಬಂದರೂ ಅವರು ತಮ್ಮವರನ್ನು ಇಳಿಸತೊಡಗಿದರು. ಅಲ್ಲಿದ್ದ ಆ ಕಂಪನಿಯ ಸುಮಾರು 2,700 ನೌಕರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕುಳಿದರು. ಇನ್ನೂ ಒಳಗಿದ್ದವರನ್ನು ಕರೆತರಲು ಮತ್ತೆ ಮೇಲೆ ಹತ್ತಿದ ರೆಸ್ಕೋರ್ಲಾ ಬದುಕಿ ಬರಲಿಲ್ಲ.

ಇನ್ನು, ನೋಟಿಸ್ ಬಂದರೆ ಕೆಲಸ ಹೋಯಿತೆಂದೇ ಅಲ್ಲ. ಅದು ಉತ್ತರ ಕೇಳುವ ಪತ್ರ. ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಇರಬೇಕು. ಮೊದಲ ಸಲದ ಉಡಾಫೆಗೆ ಎಚ್ಚರಿಕೆ ಪತ್ರ ಸಾಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಆಡಳಿತದವರಲ್ಲಿದೆ: ನೌಕರರಿಗೆ ಶಿಸ್ತು ಕಲಿಸಿದರೆ ಬೆಂಕಿಯ ಸುರಕ್ಷತೆ ಮುಗಿಯಿತು ಎಂಬುದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ತುರ್ತು ದಾರಿಗಳು ಮುಚ್ಚಿದ್ದವೆಂಬ ದೂರನ್ನು ಈ ಊರು ಮರೆಯಕೂಡದು. ಸತ್ತವರ ಮನೆಯವರು ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಇಂದಿಗೂ ಅಗ್ನಿ ಸುರಕ್ಷತೆಯ ಮಾತಾಡುತ್ತಿದೆ. ತಪ್ಪಿಸಿಕೊಳ್ಳುವ ದಾರಿಗಳು ಕಾರ್ಮಿಕರಿಗೆ ಗೊತ್ತಿರಬೇಕು, ಅವರಿಗೆ ತರಬೇತಿಯೂ ಆಗಿರಬೇಕು ಎಂಬ ಹೊಣೆಯನ್ನು ಅದೇ ಕಾರ್ಖಾನೆ ಕಾಯ್ದೆಯ 38ನೇ ಸೆಕ್ಷನ್ ಹೊರಿಸಿದ್ದದ್ದು ಮಾಲೀಕರ ಮೇಲೆ.

ಹಾಗಾಗಿ ನೋಟಿಸ್ ಕೈಗೆ ಬಂದವರು ಹೆಡ್‌ಫೋನ್ ಹಾಕಿದ್ದರಿಂದ ಕೇಳಿಸಲಿಲ್ಲ, ಕಿವಿ ಮಂದ, ಶೌಚಾಲಯದಲ್ಲಿ ಸದ್ದು ಬರುವುದಿಲ್ಲ ಎಂಬಂಥ ನಿಜ ಕಾರಣವಿದ್ದರೆ ಇದ್ದದ್ದು ಇದ್ದ ಹಾಗೆ ಬರೆಯಲಿ. ಬೇಕೆಂದೇ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕೊನೆಯ ಡ್ರಿಲ್ ಯಾವಾಗ ಆಯಿತು, ತಮಗೆ ತರಬೇತಿ ಕೊಟ್ಟಿದ್ದರೇ, ಆ ದಿನ ಮೆಟ್ಟಿಲ ಬಾಗಿಲಿಗೆ ಅಡ್ಡ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಯಾರು ತೆಗೆಯಬೇಕಿತ್ತು ಎಂಬುದನ್ನೂ ಅದೇ ಉತ್ತರದಲ್ಲಿ ಕೇಳಲಿ.